ಹಿಟ್ಟು ಹೊದ್ದ ಕೋಟು

ಚಳಿಗಾಲ ಬಂತೆಂದರೆ ಗುಬ್ಬಿಯ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಬೆಚ್ಚಗಾಗುವುದು ದೋಸೆ ಹಿಟ್ಟು. ಪಾತ್ರೆಗೆ ಮುಚ್ಚಳ ಮುಚ್ಚಿ, ಮೇಲೊಂದು ನೀಲಿ ಕೋಟು ಹೊದಿಸಿ, ಅದರ ತೋಳುಗಳನ್ನು ಮುಂದಕ್ಕೆ ತಂದು ಅಮ್ಮ ಗಂಟು ಹಾಕುತ್ತಾಳೆ. ಕೈಕಟ್ಟಿ ಕೂತ ಆ ಪಾತ್ರೆ ನೋಡಿದರೆ ನನ್ನದೇ ಗ್ರೂಪ್ ಫೋಟೋ ನೆನಪಾಗುತ್ತದೆ. ಜೇಬಿನ ಮೇಲೆ ‘ಆನರ್ಸ್’ ಎಂದು ಹೊಲಿದ ದಾರ ಇನ್ನೂ ಬಿಟ್ಟಿಲ್ಲ. ಒಳಗೆಲ್ಲ ಹುಳಿ ವಾಸನೆ.

ನಗಬೇಡಿ. ಆ ಕೋಟಿಗಾಗಿ ತುಮಕೂರಿನ ಕಾಲೇಜಿನಲ್ಲಿ ಒಂದು ವರ್ಷ ಹೆಚ್ಚಿಗೆ ಓದಿದವಳು ನಾನು. ನಾಲ್ಕನೇ ವರ್ಷ ಆನರ್ಸ್ ಮಾಡಿದರೆ ಎಂ.ಎ. ಎರಡನೇ ವರ್ಷಕ್ಕೆ ನೇರ ಸೀಟು ಎಂದು ಅದರ ಉಸ್ತುವಾರಿ ಮೇಷ್ಟ್ರು ಹೇಳಿದ್ದರು. ಮೂರು ವರ್ಷಕ್ಕೇ ಡಿಗ್ರಿ ಹಿಡಿದು ಹೋದವರು ಹೋದರು. ಮೇಷ್ಟ್ರ ಮಾತು ನಂಬಿ ಉಳಿದ ಬೆರಳೆಣಿಕೆಯವರಲ್ಲಿ ನಾನೊಬ್ಬಳು, ಕುಣಿಗಲ್ಲಿನ ಶೋಭಾ ಇನ್ನೊಬ್ಬಳು.

ಮೇಷ್ಟ್ರು ಕೆಟ್ಟವರಲ್ಲ, ಸಂಕಟ ಅದೇ. ಅವರ ಕ್ಲಾಸಿನಲ್ಲಿ ಒಂದು ಪದ್ಧತಿಯಿತ್ತು. ಹಾಜರಿ ಕೂಗಿದಾಗ ‘ಎಸ್ ಸಾರ್’ ಅನ್ನುವಂತಿಲ್ಲ, ಒಂದು ಪ್ರಶ್ನೆ ಕೇಳಬೇಕು. ಪ್ರಶ್ನೆ ಇಲ್ಲದವರಿಗೆ ಹಾಜರಿಯೂ ಇಲ್ಲ. ಮೊದಮೊದಲು ನನಗೆ ನಾಲಿಗೆಯೇ ಹೊರಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹೆಂಗಸರು ಕೇಳುವ ಪ್ರಶ್ನೆ ಎಂದರೆ “ಇನ್ನೊಂದು ಮುದ್ದೆ ಇಕ್ಲಾ?” ಅಷ್ಟೇ. ಮೇಷ್ಟ್ರು ಬಿಡಲಿಲ್ಲ. “ಕೇಳಮ್ಮಾ, ತಪ್ಪಾದ್ರೂ ಕೇಳು. ಕೇಳ್ದೆ ಇರೋರು ಬೆಳೆಯಲ್ಲ.” ಬಸ್ಸಿನಲ್ಲಿ ನಿಂತುಕೊಂಡೇ ಪ್ರಶ್ನೆ ಕಟ್ಟುತ್ತಿದ್ದೆ. ವರ್ಷ ತುಂಬುವಷ್ಟರಲ್ಲಿ ಕಂಡಕ್ಟರನ್ನೂ ಬಿಡದಷ್ಟು ಬಾಯಿ ಬಂದಿತ್ತು.

ಬೀಳ್ಕೊಡುಗೆಗೆ ಸ್ವಲ್ಪ ಮುಂಚೆ, ನೇರ ಸೀಟಿನ ಮಾತು ಬಿದ್ದುಹೋಗಿದೆ ಎಂದು ಆಫೀಸಿನಲ್ಲಿ ಗೊತ್ತಾಯಿತು. ಮೇಷ್ಟ್ರು ತುಟಿ ಬಿಚ್ಚಲಿಲ್ಲ. ಸಮಾರಂಭದ ದಿನ ಮಾತ್ರ ಅತಿಥಿಗಳ ಮುಂದೆ ನನ್ನನ್ನು ವೇದಿಕೆಗೆ ಕರೆದು, “ಈ ಹುಡುಗಿ ಬಂದಾಗ ಬಾಯೇ ಬಿಡ್ತಿರ್ಲಿಲ್ಲ, ಈಗ ನೋಡಿ” ಎಂದು ಮೈಕು ಕೊಟ್ಟರು.

“ಸಾರ್, ಎಂ.ಎ.ನ ಮೊದಲ್ನೇ ವರ್ಷದಿಂದಾನೇ ಓದ್ಬೇಕಂತೆ. ಹಂಗಾದ್ರೆ ಈ ವರ್ಷ ಯಾಕೆ ಓದುದ್ವಿ?” ಎಂದು ಕೇಳಿದೆ.

ಮೈಕು ಕಿತ್ತುಕೊಂಡರು. “ಅಮ್ಮಾ, ಇದು ಪ್ರಶ್ನೆ ಕೇಳೋ ಜಾಗ ಅಲ್ಲ.” ಆಮೇಲೆ ಸಭೆಯ ಕಡೆ ತಿರುಗಿ ನಕ್ಕರು. “ಎಷ್ಟು ಧೈರ್ಯ ನೋಡಿ! ಚಪ್ಪಾಳೆ ತಟ್ಟಿ.” ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎಂದರೆ ಇದೇ. ಎಲ್ಲರೂ ತಟ್ಟಿದರು, ಶೋಭಾ ಕೂಡ. “ಬುಡೇ, ಕೇಳುದ್ರೆ ಸೀಟ್ ಕೊಡ್ತಾರಾ?” ಎಂದಳು, ಬಸ್‌ಸ್ಟ್ಯಾಂಡಿನಲ್ಲಿ. ಅವಳ ಮೇಲಿನ ಕೋಪ ಇಳಿದಿದೆ. ಮೇಷ್ಟ್ರ ಮೇಲಿನದು ಇಳಿದಿಲ್ಲ, ಇಳಿಯುವುದೂ ಬೇಡ.

ಎಂ.ಎ.ಯನ್ನು ಮೊದಲಿನಿಂದ ಓದಿ, ಈಗ ಕುಣಿಗಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಇವತ್ತು ಭಾನುವಾರ, ಬೆಳಿಗ್ಗೆ ಹಳೆಯ ಕಾಲೇಜಿನ ಹುಡುಗಿಯೊಬ್ಬಳ ಫೋನು. ಹೊಸ ಆನರ್ಸ್ ಬ್ಯಾಚಿಗೆ ನಾನು ಬೆಳೆದ ಕತೆ ಹೇಳಬೇಕಂತೆ.

“ಆ ಕೋಟ್ ಹಾಕ್ಕೊಂಡೇ ಬರ್ಬೇಕಂತೆ ಮೇಡಂ, ಸಾರ್ ಹೇಳಿದ್ರು.”

ನಾಚಿಕೆಗೇಡು ನೋಡಿ, ನನ್ನ ಕೈ ಕೋಟಿನ ಕಡೆಗೇ ಹೋಯಿತು.

“ಮುಟ್ಬೇಡ ಕಣೇ, ಇನ್ನೂ ಉಬ್ಬಿಲ್ಲ!” ಎಂದಳು ಅಮ್ಮ.

ಕೈ ಹಿಂದಕ್ಕೆ ತೆಗೆದುಕೊಂಡು ಫೋನಿನಲ್ಲಿದ್ದ ಹುಡುಗಿಗೆ ಹೇಳಿದೆ: “ಕೋಟಿಗೆ ಬಿಡುವಿಲ್ಲಮ್ಮ, ನಾನು ಬರ್ತೀನಿ. ಸಾರ್ ಮೊದ್ಲು ಹಾಜರಿ ಕೂಗ್ಲಿ. ನನ್ನ ಹಳೇ ಪ್ರಶ್ನೆ ಹಂಗೇ ಇದೆ, ಅದನ್ನೇ ಕೇಳ್ತೀನಿ.”

“ಸಾರ್‌ನ ಕೇಳಿ ಫೋನ್ ಮಾಡ್ತೀನಿ ಮೇಡಂ.”

ಸಂಜೆಯಾಯಿತು. ಫೋನು ಬಂದಿಲ್ಲ. ಹಿಟ್ಟು ಮಾತ್ರ ಮುಚ್ಚಳ ಎತ್ತಿಕೊಂಡು ಉಬ್ಬಿ, ಕೋಟಿನ ಕಾಲರಿಗೆಲ್ಲ ಮೆತ್ತಿಕೊಂಡಿದೆ.