ಮಂಡಿಯ ಕೆಳಗಿನ ಕೌದಿ

ಕೊರೋನಾ ಕಳೆದು ಆಟದ ಮೈದಾನಗಳು ಮತ್ತೆ ತುಂಬಿದ ವರ್ಷ ಅದು. ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಿಂದ ನಿವೃತ್ತಳಾಗಿ ನಾನು ಜೋಗುಪಾಳ್ಯದ ಒಂದು ಮನೆಯ ನೆಲಮಹಡಿಯಲ್ಲಿ ಸಣ್ಣ ಕ್ಲಿನಿಕ್ ತೆರೆದಿದ್ದೆ. ಎರಡು ಮಂಚ, ನಿಂತಲ್ಲೇ ತುಳಿಯುವ ಒಂದು ಸೈಕಲ್, ಗೋಡೆಗೆ ಕಟ್ಟಿದ ರಬ್ಬರ್ ಪಟ್ಟಿಗಳು, ಇಷ್ಟೇ ನನ್ನ ಆಸ್ತಿ. ಬರುವವರಲ್ಲಿ ಅರ್ಧ ಜನ ಮಂಡಿನೋವಿನ ಅಜ್ಜಿಯರು, ಇನ್ನರ್ಧ ಫುಟ್‌ಬಾಲ್ ಆಡುವ ಮಕ್ಕಳು. ಹಲಸೂರಿನ ಕಡೆ ಮಗು ನಡೆಯುವ ಮೊದಲೇ ಚೆಂಡು ಒದೆಯುತ್ತದೆ ಎಂದು ನಾವು ತಮಾಷೆ ಮಾಡುವುದುಂಟು. ಅಜ್ಜಿಯರು ಹೇಳಿದ ಮಾತು ಕೇಳುತ್ತಾರೆ, ಆಟಗಾರರು ಕೇಳುವುದಿಲ್ಲ ಎಂಬುದು ಅಷ್ಟು ವರ್ಷಗಳ ನನ್ನ ಅನುಭವವಾಗಿತ್ತು. ಆಟಗಾರರಲ್ಲಿ ಶರಣಮ್ಮ ಮಾತ್ರ ಹೇಳಿದ ಮಾತು ಕೇಳುವ ಹುಡುಗಿ. ಆದರೂ ಅವಳ ಮಂಡಿ ಉಳಿಯಲಿಲ್ಲ.

ಅವಳಿಗೆ ಆಗ ಹದಿನಾರು. ಯಾದಗಿರಿ ಕಡೆಯ ಕುಟುಂಬ. ಅಪ್ಪ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ, ಅವ್ವ ನಾಗಮ್ಮ ಇಂದಿರಾನಗರದ ಮನೆಗಳಲ್ಲಿ ಪಾತ್ರೆ, ಬಟ್ಟೆ ತೊಳೆಯುತ್ತಿದ್ದಳು. ಕೆ.ಆರ್. ಪುರಂನಲ್ಲಿ ಮೂರನೇ ಮಹಡಿಯ ಒಂದೇ ಬಾಡಿಗೆ ಕೋಣೆ. ಚೆಂಡು ಒದೆಯುವಾಗ ಹುಡುಗಿಯ ಎಡಗಾಲಿಗಿದ್ದ ಬಲವನ್ನು ಮೊದಲು ಗುರುತಿಸಿದವರು ಸೆಲ್ವ ಮಾಸ್ಟರ್. ಅವರು ಹಲಸೂರಿನ ಹಳೆಯ ಆಟಗಾರ, ಸಂಜೆ ಹೊತ್ತು ಬಡ ಮಕ್ಕಳಿಗೆ ಆಟ ಕಲಿಸುತ್ತಿದ್ದರು. ಅವರ ಓಡಾಟದಿಂದ ಒಂದು ಕಾಲೇಜು ಕ್ರೀಡಾ ಕೋಟಾದಲ್ಲಿ ಸೀಟು, ಹಾಸ್ಟೆಲ್ ಎರಡನ್ನೂ ಕೊಡಲು ಒಪ್ಪಿತ್ತು. ಮುಂದಿನ ವರ್ಷದ ಆಯ್ಕೆಯಲ್ಲಿ ಅವಳು ಆಡಿ ತೋರಿಸಬೇಕಿತ್ತು, ಅಷ್ಟೆ. ಆಟ ಕೈಬಿಟ್ಟರೆ ಓದೂ ಅಲ್ಲಿಗೇ ನಿಲ್ಲುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಒಂದು ಸಂಜೆ ಅಭ್ಯಾಸ ಪಂದ್ಯದಲ್ಲಿ ಚೆಂಡಿಗೆ ತಲೆ ಕೊಡಲು ಹಾರಿದವಳು ಒಂಟಿ ಕಾಲ ಮೇಲೆ ಇಳಿದಳು. ಯಾರೂ ಅವಳನ್ನು ಮುಟ್ಟಿರಲಿಲ್ಲ. ಎಡಮಂಡಿ ಒಳಗಡೆಗೆ ವಾಲಿತು, ಒಳಗೆ 'ಟಪ್' ಎಂದಿತು. ನಡೆದದ್ದನ್ನು ಅವರು ಹೇಳಿದ ತಕ್ಷಣ ನನಗೆ ಅನುಮಾನ ಬಂತು, ಸ್ಕ್ಯಾನಿಂಗ್ ಅದನ್ನೇ ಹೇಳಿತು: ಎಸಿಎಲ್ ಹರಿದಿದೆ. ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಮಂಡಿಯ ನಡುವೆ ಹಿಡಿದಿಡುವ ಗಟ್ಟಿ ಹುರಿ ಅದು. ಈ ವಯಸ್ಸಿನ ಹುಡುಗಿಯರಲ್ಲಿ ಅದು ಹರಿಯುವುದು ಹುಡುಗರಿಗಿಂತ ಹೆಚ್ಚು. ಆಟಕ್ಕೆ ಮೊದಲು ಒಂದಿಷ್ಟು ಹೊತ್ತು ಹಾರಿ ಇಳಿಯುವ ಅಭ್ಯಾಸ ಮಾಡಿಸಿದರೆ, ಅಂದರೆ ಮಂಡಿ ಮಡಿಸಿ, ಅದು ಒಳಗೆ ವಾಲದಂತೆ, ಸದ್ದಾಗದಂತೆ ಇಳಿಯುವುದನ್ನು ಕಲಿಸಿದರೆ, ಎಷ್ಟೋ ಮಂಡಿಗಳು ಉಳಿಯುತ್ತವೆ. ಇದನ್ನು ಸೆಲ್ವ ಮಾಸ್ಟರಿಗೆ ಹೇಳಿ ಹೇಳಿ ನನಗೆ ಬಾಯಿ ನೋವು ಬಂದಿತ್ತು.

"ನಾವೆಲ್ಲ ಬರಿಗಾಲಲ್ಲಿ ಆಡಿದ್ದು ಮೇಡಂ. ಎರಡು ರೌಂಡ್ ಓಡು, ಮ್ಯಾಚ್ ಆಡು, ಅಷ್ಟೇ," ಅನ್ನುತ್ತಿದ್ದರು ಅವರು.

"ಅದಕ್ಕೇ ಈಗ ನನ್ನ ಕ್ಲಿನಿಕ್ಕಿನ ಎರಡು ಮೆಟ್ಟಿಲು ಹತ್ತೋಕೂ ಕಂಬಿ ಹಿಡ್ಕೋತೀರ," ಅಂದಿದ್ದೆ. ಅವರು ನಕ್ಕಿದ್ದರು.

ಆಪರೇಷನ್ ಚೆನ್ನಾಗಿಯೇ ಆಯಿತು. ತೊಡೆಯ ಹಿಂಭಾಗದಿಂದ ಸ್ನಾಯುವಿನ ಎಳೆ ತೆಗೆದು ಹೊಸ ಹುರಿ ಮಾಡಿ ಕೂರಿಸಿದರು. ಆಮೇಲಿನ ಮೊದಲ ಕೆಲಸ ಮಂಡಿ ಮಡಿಸುವುದು ಎಂದು ಬಹಳ ಜನ ತಿಳಿದಿರುತ್ತಾರೆ. ಅಲ್ಲ. ಮೊದಲ ಕೆಲಸ ಅದನ್ನು ಪೂರ್ತಿ ನೇರ ಮಾಡುವುದು. ಮೊದಲ ವಾರಗಳಲ್ಲಿ ನೇರವಾಗದ ಮಂಡಿಯೊಳಗೆ ಗಾಯದ ಅಂಗಾಂಶ ಬೆಳೆದು ಗಂಟು ಕಟ್ಟುತ್ತದೆ, ಆಮೇಲೆ ಅದು ಜಗ್ಗುವುದಿಲ್ಲ. ನೇರವಾಗದ ಕಾಲಿನಲ್ಲಿ ಕುಂಟಬಹುದು, ಓಡಲಾಗುವುದಿಲ್ಲ. ಆದ್ದರಿಂದ ದಿಂಬನ್ನು ಹಿಮ್ಮಡಿಯ ಕೆಳಗೆ ಇಡಬೇಕು, ಮಂಡಿಯ ಕೆಳಗೆ ಯಾವ ಕಾರಣಕ್ಕೂ ಇಡಕೂಡದು. ಇದನ್ನು ಶರಣಮ್ಮನಿಗೂ ಮಾಸ್ಟರಿಗೂ ಎಲ್ಲರೂ ಹೇಳಿದರು. ಆಸ್ಪತ್ರೆಯವರು ಇದನ್ನು ವಿವರಿಸುವಾಗ ನಾಗಮ್ಮ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಳು.

ಮೊದಲ ವಾರವೇ ನನ್ನ ಬಳಿ ಬರಬೇಕಿದ್ದ ಹುಡುಗಿ ಬರಲಿಲ್ಲ. ಫೋನ್ ಮಾಡಿದರೆ ನಾಗಮ್ಮನೇ ಎತ್ತುತ್ತಿದ್ದಳು. "ಆರಾಮದಾಳ್ರಿ ಅಕ್ಕಾರ. ಚೊಲೋ ನೋಡ್ಕೊಂಡೀನ್ರಿ. ಜರಾ ಗಾಯ ಮಾಯಲ್ರಿ, ಕರ್ಕೊಂಡ್ ಬರ್ತೀನಿ." ಹುಡುಗಿ ನನ್ನ ಹತ್ತಿರ ಬರುತ್ತಿದ್ದಾಳೆ ಎಂದು ಮಾಸ್ಟರ್ ಅಂದುಕೊಂಡಿದ್ದರು. ಒಂದು ತಿಂಗಳು ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. ಮಾಸ್ಟರನ್ನು ಕರೆದುಕೊಂಡು ಕೆ.ಆರ್. ಪುರಂಗೆ ಹೋದೆ.

ಕೋಣೆಯ ಬಾಗಿಲು ತೆರೆದಾಗ ಬೆಳ್ಳುಳ್ಳಿ, ಅಜವಾನದ ಹೊಗೆ ಮುಖಕ್ಕೆ ಬಡಿಯಿತು. ಕಿಟಕಿ ಮುಚ್ಚಿತ್ತು. ಶರಣಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆ ಪಕ್ಕ ಮಲಗಿದ್ದಳು. ನಾಗಮ್ಮ ಮನೆಗೆಲಸ ಬಿಟ್ಟು ಮಗಳನ್ನು ಬಾಣಂತಿಯ ಹಾಗೆ ನೋಡಿಕೊಳ್ಳುತ್ತಿದ್ದಳು. ಬಿಸಿ ಅನ್ನ, ತುಪ್ಪ, ಹೊತ್ತು ಹೊತ್ತಿಗೆ ಶಾಖ. ನೆಲಕ್ಕೆ ಕಾಲಿಡಲು ಬಿಟ್ಟಿರಲಿಲ್ಲ, ಸ್ನಾನಕ್ಕೂ ಎತ್ತಿಕೊಂಡೇ ಹೋಗುತ್ತಿದ್ದಳು. "ಹಸಿ ಮೈ ಐತಲ್ರಿ, ಕೊಯ್ದ ಕಾಲು. ಮೂರು ಮಾಳಿಗಿ ಇಳಿಸಿದ್ರ ಹೊಲಿಗಿ ಉಳೀತಾವೇನ್ರಿ?" ಅಂದಳು. ಮುಖದಲ್ಲಿ ಹೆಮ್ಮೆ ಇತ್ತು. ಮಗಳ ಎಡಮಂಡಿಯ ಕೆಳಗೆ, ಮೆತ್ತಗೆ ಮಡಿಸಿದ ಒಂದು ಕೌದಿ ಇತ್ತು. ತನ್ನ ತಾಯಿಯ ಹಳೆಯ ಸೀರೆಗಳಿಂದ ನಾಗಮ್ಮನೇ ಹೊಲಿದು ಊರಿಂದ ತಂದಿದ್ದು. ಮಕ್ಕಳು ಹುಟ್ಟಿದಾಗ ಮಲಗಿಸಿದ್ದೂ ಅದರ ಮೇಲೆಯೇ ಅಂತೆ.

ನಾನು ಕೌದಿಯನ್ನು ಎಳೆದು ತೆಗೆದೆ. ಮಂಡಿ ಇಳಿಯಲಿಲ್ಲ. ಗಾಳಿಯಲ್ಲಿ ಹಾಗೇ ನಿಂತಿತು, ಕೆಳಗೆ ನನ್ನ ಮುಷ್ಟಿ ಸಲೀಸಾಗಿ ತೂರಿತು. ನಾಗಮ್ಮ ಚಹಾಕ್ಕೆಂದು ಹಾಲು ತರಲು ಕೆಳಗೆ ಹೋದಾಗ ಹುಡುಗಿ ಪಿಸುಗುಟ್ಟಿದಳು: "ನಾನು ತೆಗೆದು ಆಚೆ ಇಡ್ತಿದ್ದೆ ಮೇಡಂ. ನಿದ್ದೆ ಬಂದ್ಮೇಲೆ ಅವ್ವ ಮತ್ತೆ ಇಟ್ಬಿಡ್ತಾಳೆ. ಕೆಟ್ಟೋಯ್ತಾ?"

"ನೋಡೋಣ," ಅಂದೆ.

"ಕೆಟ್ಟಿದ್ರೂ ಇದ್ರಿಂದ ಅಂತ ಅವ್ವಂಗೆ ಹೇಳ್ಬೇಡಿ ಮೇಡಂ. ಸತ್ತೇ ಹೋಗ್ತಾಳೆ."

ನಾನು ಹೇಳಲಿಲ್ಲ. ಇನ್ನು ಮೇಲೆ ಕೌದಿ ಬೇಡ, ದಿನವೂ ಕ್ಲಿನಿಕ್ಕಿಗೆ ಬರಲಿ ಎಂದಷ್ಟೇ ಹೇಳಿ ಬಂದೆ.

ಮುಂದಿನ ತಿಂಗಳುಗಳನ್ನು ನೆನೆಯಲು ಈಗಲೂ ಇಷ್ಟವಾಗುವುದಿಲ್ಲ. ಹುಡುಗಿಯನ್ನು ಬೋರಲು ಮಲಗಿಸಿ, ಪಾದವನ್ನು ಮಂಚದಾಚೆ ಇಳಿಬಿಟ್ಟು, ಹಿಮ್ಮಡಿಗೆ ಮರಳಿನ ಚೀಲ ಕಟ್ಟಿ ಬಿಡುತ್ತಿದ್ದೆ. ಅವಳು ದಿಂಬು ಕಚ್ಚಿಕೊಂಡು ಅಳುತ್ತಿದ್ದಳು. "ಬ್ಯಾಡ್ರಿ ಅಕ್ಕಾರ, ಸಾಕ್ ಮಾಡ್ರಿ," ಎಂದು ನಾಗಮ್ಮ ನನ್ನ ಕೈ ಹಿಡಿಯುತ್ತಿದ್ದಳು. ನಾನು ಗದರಿಸಿ ಅವಳನ್ನು ಹೊರಗೆ ಕಳಿಸುತ್ತಿದ್ದೆ. ಕಟುಕಿ ಎಂದು ಅವಳು ನನ್ನನ್ನು ಮನಸ್ಸಿನಲ್ಲಿ ಬೈದುಕೊಂಡಿದ್ದರೆ ಆಶ್ಚರ್ಯವಿಲ್ಲ. ಮುಷ್ಟಿ ತೂರುತ್ತಿದ್ದ ಜಾಗ ಎರಡು ಬೆರಳಿಗೆ ಇಳಿಯಿತು, ಆಮೇಲೆ ಅಲ್ಲೇ ನಿಂತಿತು. ಒಳಗಿನ ಗಂಟು ತೆಗೆಯಲು ಎರಡನೇ ಆಪರೇಷನ್ ಆಯಿತು. ಸ್ವಲ್ಪ ಗೆದ್ದೆವು, ಪೂರ್ತಿ ಅಲ್ಲ. ಅಷ್ಟರಲ್ಲಿ ಎಡತೊಡೆ ಸೊರಗಿ ಬಲತೊಡೆಯ ಮುಂದೆ ಯಾರದೋ ಕಾಲಿನ ಹಾಗೆ ಕಾಣುತ್ತಿತ್ತು.

ಹೊಸ ಹುರಿ ಗಟ್ಟಿಯಾಗಲು ಏನಿಲ್ಲವೆಂದರೂ ಒಂಬತ್ತು ತಿಂಗಳು ಬೇಕು. ಅದು ಕಳೆದ ಮೇಲೂ ಕ್ಯಾಲೆಂಡರ್ ನೋಡಿ ಮೈದಾನಕ್ಕೆ ಕಳಿಸುವಂತಿಲ್ಲ, ಕಾಲನ್ನು ನೋಡಿ ಕಳಿಸಬೇಕು. ಒಂಟಿ ಕಾಲಲ್ಲಿ ಹಾರಿ ಇಳಿಯುವ ಪರೀಕ್ಷೆ ಇಟ್ಟೆ. ಅವಳು ಹಾರಿದಳು, ಎಡಗಾಲು ಭಾರ ಹೊರಲಿಲ್ಲ, ಬಿದ್ದಳು. ಎದ್ದು ಮತ್ತೆ ಹಾರಿದಳು, ಮತ್ತೆ ಬಿದ್ದಳು. ಮೂರನೇ ಸಲ ನಾನೇ ತಡೆದೆ. ಆಯ್ಕೆಯ ದಿನ ಬಂದು ಹೋಯಿತು, ಸೀಟು ಇನ್ನೊಬ್ಬ ಹುಡುಗಿಗೆ ಸಿಕ್ಕಿತು. ಸೆಲ್ವ ಮಾಸ್ಟರ್ ನನ್ನ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತು ಅತ್ತರು. ಶರಣಮ್ಮ ಅಳಲಿಲ್ಲ. ಅವಳೀಗ ಕಮ್ಮನಹಳ್ಳಿ ಮೇನ್ ರೋಡಿನ ಬಟ್ಟೆ ಅಂಗಡಿಯೊಂದರಲ್ಲಿ ದಿನವಿಡೀ ನಿಲ್ಲುತ್ತಾಳೆ, ಭಾರವನ್ನೆಲ್ಲ ಬಲಗಾಲಿಗೆ ಕೊಟ್ಟು.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ ಎರಡು ಬದಲಾವಣೆ ಆಯಿತು. ಮಾಸ್ಟರ್ ಈಗ ಹಾರಿ ಇಳಿಯುವ ಅಭ್ಯಾಸ ಮಾಡಿಸದೆ ಚೆಂಡು ಮುಟ್ಟಲು ಬಿಡುವುದಿಲ್ಲ. ನಾನು ಆಪರೇಷನ್ ಆದ ಪ್ರತಿ ಮಗುವನ್ನೂ ಮೊದಲು ಕೇಳುತ್ತೇನೆ: "ಮನೇಲಿ ನಿನಗೆ ಹಾಸಿಗೆ ಹಾಸೋರು ಯಾರು?" ಅಮ್ಮನೋ ಅಜ್ಜಿಯೋ, ಅವರು ಬಂದು ಕೂರಬೇಕು. ಕಾಲಿನ ವಿಷಯ ಅವರಿಗೇ ಮೊದಲು ಹೇಳುತ್ತೇನೆ. ನೋವು ಕಂಡಾಗ ಪ್ರೀತಿಗೆ ತೋಚುವುದು ದಿಂಬು ಇಡುವುದೇ, ಅದನ್ನು ಎಲ್ಲಿ ಇಡಬೇಕೆಂದು ಯಾರಾದರೂ ಹೇಳಿಕೊಡಬೇಕು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು, ಕಲಿಸಿದ್ದು ತಡವಾಗಿ.

ಈಚೆಗೆ ಒಂದು ಭಾನುವಾರ ನಾಗಮ್ಮ ತನ್ನದೇ ಮಂಡಿನೋವಿಗೆಂದು ಬಂದಿದ್ದಳು, ಜೊತೆಗೆ ಶರಣಮ್ಮ. ಪಕ್ಕದ ಮಂಚದಲ್ಲಿ ಆಪರೇಷನ್ ಆದ ಹುಡುಗನೊಬ್ಬನಿದ್ದ. ಅವನ ತಾಯಿಗೆ ನಾನು ಅಭ್ಯಾಸಬಲದಿಂದ ಹೇಳುತ್ತಿದ್ದೆ: "ಮಂಡಿ ಕೆಳಗೆ ಏನೂ ಇಡಬೇಡಿಮ್ಮ. ಇಟ್ಟರೆ ಕಾಲು ಹಾಗೇ ಕೂತ್ಬಿಡುತ್ತೆ, ಆಮೇಲೆ ದೇವರು ಬಂದ್ರೂ ನೇರ ಆಗಲ್ಲ."

ಹೇಳಿ ತಿರುಗಿದಾಗ ನಾಗಮ್ಮ ಎದ್ದು ಕೂತಿದ್ದಳು.

"ಅಕ್ಕಾರ, ನಾ ಇಟ್ಟಿದ್ನಲ್ರಿ ಕೌದಿ. ನಾ ಕೆಡಿಸಿದ್ನೇನ್ರಿ ಈಕಿ ಕಾಲು?"

ನಾನು ಬಾಯಿ ತೆರೆಯುವ ಮೊದಲೇ ಶರಣಮ್ಮ ಅಂದಳು: "ನೀನಲ್ಲವ್ವ. ಮೇಡಂ ಬೇಡ ಅಂದಿದ್ರು. ನಾನೇ ನೋವು ತಡೀಲಾರ್ದೆ ಕೇಳಿ ಇಡಿಸ್ಕೊಂಡಿದ್ದೆ. ನಿಂಗೆ ನೆನಪಿಲ್ಲ."

"ಹೌದು ನಾಗಮ್ಮ, ಅದಕ್ಕೇ ಅವಳಿಗೆ ಚೆನ್ನಾಗಿ ಬೈದಿದ್ದೆ ನಾನು," ಎಂದು ನಾನೂ ಸೇರಿಸಿದೆ.

ನಾಗಮ್ಮ ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ಬಗ್ಗಿ ಮಗಳ ಎಡಮಂಡಿಯ ಹಿಂದೆ ಅಂಗೈ ಇಟ್ಟಳು.

"ಕೇಳಿದಾಕಿ ನೀ ಆದ್ರೂ, ಕೊಟ್ಟಾಕಿ ನಾನಲ್ಲೇನವ್ವ?" ಅಂದಳು.