ಒಲೆಯ ಮೇಲಿನ ಸೂಕ್ಷ್ಮದರ್ಶಕ

ತೊಂಬತ್ತರ ದಶಕದಲ್ಲಿ ಹೆತ್ತೂರಿನ ಹೈಸ್ಕೂಲಿನಲ್ಲಿ ನಮಗೆ ಜೀವಶಾಸ್ತ್ರ ಹೇಳುತ್ತಿದ್ದ ಟೀಚರ ಅಂಗೈಗೆ ಸದಾ ಈರುಳ್ಳಿ ವಾಸನೆ. ಶಾಲೆಗಿದ್ದ ಒಂದೇ ಸೂಕ್ಷ್ಮದರ್ಶಕಕ್ಕೆ ನಾವು ಕಣ್ಣಿಟ್ಟಾಗ, ಇನ್ನೊಂದು ಕಣ್ಣನ್ನು ಅವರೇ ಆ ಅಂಗೈಯಿಂದ ಮುಚ್ಚಿ, “ನಂಬ್ಬೇಡಿ, ನೋಡಿ” ಅನ್ನೋರು.

ಜೀವಕೋಶದ ಚರಿತ್ರೆಯನ್ನು ಊರ ಸುದ್ದಿಯ ಹಾಗೆ ಹೇಳೋರು. “ಮೊದಲನೆಯವನು ಸೀಸೆ ಬಿರಡೆ ಸೀಳಿ ನೋಡಿದ, ಕಂಡದ್ದು ಬರೀ ಖಾಲಿ ಗೂಡು. ಆಮೇಲೊಬ್ಬ ಬಟ್ಟೆ ವ್ಯಾಪಾರಿ ಕೆರೆನೀರಲ್ಲಿ ಜೀವ ಓಡಾಡೋದು ಕಂಡ. ಎಷ್ಟೋ ಕಾಲದ ಮೇಲೆ ಗಿಡ ಬಲ್ಲವನೂ ಪ್ರಾಣಿ ಬಲ್ಲವನೂ ಮಾತಿಗೆ ಕೂತು, ಎರಡೂ ಕೋಶದಿಂದಲೇ ಆಗಿರೋದು ಅಂದ್ರು. ಆದರೆ ಕೋಶ ಹೆಂಗೆ ಹುಟ್ಟುತ್ತೆ ಅನ್ನೋದನ್ನ ಊಹೆ ಮೇಲೆ ಹೇಳಿ ತಪ್ಪಿದ್ರು ಕಣ್ರೋ! ಕೋಶ ಹುಟ್ಟೋದು ಕೋಶದಿಂದ್ಲೇ. ಬೇರಿನ ತುದೀಲಿ ಒಂದು ಎರಡಾಗೋದನ್ನ ತೋರಿಸ್ತೀನಿ, ತಾಳಿ.”

ಅದಕ್ಕೆಂದೇ ಕಿಟಕಿಯಲ್ಲಿ ನೀರಿನ ಲೋಟದ ಮೇಲೆ ಈರುಳ್ಳಿ ಕೂರಿಸಿದರು. ಅಷ್ಟರಲ್ಲಿ ಮಳೆ ಹಿಡಿಯಿತು. ಲೆನ್ಸಿಗೆ ಬೂಷ್ಟು ಬಂದೀತೆಂದು ಹೆದರಿ, ನಮ್ಮ ಕಡೆ ಉಪ್ಪು, ಬೆಂಕಿಪೊಟ್ಟಣ ತೇವವಾಗದಿರಲೆಂದು ಇಡುವ ಹಾಗೆ, ಸೂಕ್ಷ್ಮದರ್ಶಕವನ್ನು ಮನೆಗೊಯ್ದು ಒಲೆಯ ಮೇಲಿನ ಅಟ್ಟದಲ್ಲಿಟ್ಟರು. ಶಾಖಕ್ಕೆ ಲೆನ್ಸಿನ ಗಾಜುಗಳನ್ನು ಹಿಡಿದಿದ್ದ ಅಂಟು ಕರಗಿಹೋಯಿತು.

ವಾಪಸ್ ತಂದ ದಿನ ಸಾಲಿನಲ್ಲಿ ಮೊದಲು ನಿಂತವನು ನಾನು. “ಬರೀ ಮಂಜು ಟೀಚರ್, ಏನೂ ಕಾಣ್ತಿಲ್ಲ” ಅಂದೆ. ಅವರು ಸೆರಗಿನ ತುದಿಯಿಂದ ಲೆನ್ಸು ಒರೆಸಿದರು, ನೋಡಿದರು, ಮತ್ತೆ ಒರೆಸಿದರು. ಕೊನೆಗೆ ಕಿಟಕಿಯ ಹತ್ತಿರ ಹೋಗಿ, ಲೋಟದೊಳಗೆ ಉದ್ದಕ್ಕೆ ಇಳಿದಿದ್ದ ಬಿಳಿ ಬೇರುಗಳನ್ನು ತೋರಿಸಿದರು.

“ಇದರ ತುದೀಲಿ ಒಂದು ಎರಡಾಗೋದು ಈಗ್ಲೂ ನಡೀತಾನೇ ಐತೆ” ಅಂದರು. ಆಮೇಲೆ ನಮ್ಮ ಮುಖ ನೋಡದೆ, “ಇದೊಂದನ್ನ ನಂಬಿಬುಡಿ” ಅಂದರು.