ಪಾರ್ವತಕ್ಕ ಪೈಪಿನಲ್ಲಿ ಹಾಡಿದ್ದು

ಲಾಕ್‌ಡೌನ್‌ಗಳೆಲ್ಲ ಮುಗಿದು ಎರಡನೇ ವರ್ಷ. ಶಿರಸಿಯ ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನನ್ನ ಸ್ಟುಡಿಯೋ. ವೃತ್ತಿ ಎಲೆಕ್ಟ್ರಾನಿಕ್ ಮ್ಯೂಸಿಕ್ ಪ್ರೊಡ್ಯೂಸರ್. ಹಾಗೆಂದರೆ ನಮ್ಮೂರು ಮನ್ಮನೆಯಲ್ಲಿ ಈಗಲೂ ಡಿಜೆಯೇನೋ ಎಂದು ಕೇಳುತ್ತಾರೆ. ಅಲ್ಲ ಮಾರಾಯ್ರೆ. ಡಿಜೆ ಇದ್ದ ಹಾಡನ್ನು ಹಾಕುತ್ತಾನೆ, ನಾನು ಇಲ್ಲದ ಸದ್ದನ್ನು ಹುಟ್ಟಿಸುತ್ತೇನೆ. ಜಾಹೀರಾತಿಗೆ, ಕಿರುಚಿತ್ರಕ್ಕೆ, ಯಾರೂ ಕೇಳದಿದ್ದರೆ ನನ್ನ ಖುಷಿಗೆ. ಇದನ್ನು ಹೇಳಿ ಹೇಳಿ ನನ್ನ ಬಾಯಿ ಬತ್ತಿದೆ, ಇಲ್ಲಿ ಇನ್ನೊಮ್ಮೆ ಹೇಳಿದ್ದೇನೆ ಅಷ್ಟೆ.

ಸ್ಟುಡಿಯೋ ಎಂದರೆ ದೊಡ್ಡದೇನಲ್ಲ. ಗೋಡೆಗೆ ತೆಂಗಿನ ನಾರಿನ ಹಾಸು, ಹಳೆಯ ಹತ್ತಿ ಹಾಸಿಗೆ, ಮರುದನಿ ಏಳಬಾರದಲ್ಲ. ಎರಡು ಮಾನಿಟರ್ ಸ್ಪೀಕರ್, ಕಂಪ್ಯೂಟರ್, ಮತ್ತೆ ನನ್ನ ಪ್ರಾಣದಂಥ ಒಂದು ಸಿಂಥಸೈಜರ್. ಇದು ತಂತಿಯಿಲ್ಲದೆ, ಚರ್ಮವಿಲ್ಲದೆ, ಬರೀ ವಿದ್ಯುತ್ತಿನ ಅಲೆಯಿಂದ ಸ್ವರ ಹೊರಡಿಸುವ ಯಂತ್ರ. ಕಪಾಟಿನ ಮೇಲೆ ನಾನೇ ಮಾಡಿಕೊಂಡ ಇನ್ನೊಂದು ವಸ್ತು ಇತ್ತು, ಟಾಕ್‌ಬಾಕ್ಸ್. ಹಿಂದೆ ಸಿದ್ದಾಪುರದಲ್ಲಿ ಮೈಕ್‌ಸೆಟ್ ಕಟ್ಟುತ್ತಿದ್ದಾಗ ಉಳಿದಿದ್ದ ಹಾರ್ನಿನ ಯೂನಿಟ್ಟಿಗೆ, ಅಂದರೆ ಸದ್ದು ಹುಟ್ಟುವ ಡಬ್ಬಿಗೆ, ಪ್ಲಾಸ್ಟಿಕ್ ಪೈಪು ಸಿಕ್ಕಿಸಿದ್ದೆ. ಸಿಂಥಿನ ಸ್ವರ ಆ ಪೈಪಿನಲ್ಲಿ ಬರುತ್ತದೆ. ಪೈಪಿನ ತುದಿಯನ್ನು ಬಾಯೊಳಗಿಟ್ಟುಕೊಂಡು, ಗಂಟಲಿನಿಂದ ಸದ್ದು ಮಾಡದೆ ಬರೀ ಬಾಯಿ ಆಡಿಸಿದರೆ ಸ್ವರವೇ ಮಾತಾಡುತ್ತದೆ. ಪಾರ್ಟಿ ಹಾಡುಗಳಿಗೆ ಬಳಸುವ ಆಟದ ಸಾಮಾನು ಅದು.

ಆ ಹೊತ್ತಿಗೆ ಯಲ್ಲಾಪುರದ ಒಂದು ಸಂಘದ ಅಧ್ಯಕ್ಷರು ಕೆಲಸವೊಂದನ್ನು ತಂದರು. ವಾನಳ್ಳಿಯ ಪಾರ್ವತಕ್ಕನಿಗೆ ಸನ್ಮಾನ ಮಾಡಬೇಕೆಂದಿದ್ದರು. ಮದುವೆಮನೆಯಲ್ಲಿ ಹಸೆಗೆ ಕರೆಯುವ ಹಾಡು, ಎಣ್ಣೆ ಹಚ್ಚುವ ಹಾಡು ಇವನ್ನೆಲ್ಲ ಹಾರ್ಮೋನಿಯಂ ನುಡಿಸಿಕೊಂಡು ಹಾಡುತ್ತಿದ್ದ ಹೆಂಗಸು ಆಕೆ. ಗಂಟಲಿಗೆ ಕ್ಯಾನ್ಸರ್ ಬಂದು ಹುಬ್ಬಳ್ಳಿಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಉಸಿರಾಟ ಈಗ ಕುತ್ತಿಗೆಯ ಬುಡದಲ್ಲಿ ಮಾಡಿದ ತೂತಿನಿಂದ. ಆಸ್ಪತ್ರೆಯವರು ಕುತ್ತಿಗೆಗೆ ಒತ್ತಿ ಹಿಡಿಯುವ ಯಂತ್ರವೊಂದನ್ನು ಕೊಟ್ಟಿದ್ದರಂತೆ. ಅದರಲ್ಲಿ ಮಾತು ಬರುತ್ತದೆ, ಆದರೆ ಒಂದೇ ಸ್ವರದಲ್ಲಿ. ಪಾರ್ವತಕ್ಕ ಅದನ್ನು ಅಟ್ಟಕ್ಕೆ ಹಾಕಿ ಸ್ಲೇಟು ಬಳಪ ಹಿಡಿದಿದ್ದರು.

ಅಧ್ಯಕ್ಷರ ಯೋಜನೆ ಹೀಗಿತ್ತು. ಆಕೆಯ ಹಳೆಯ ಕ್ಯಾಸೆಟ್‌ಗಳಿಂದ ನಾನು ಎಐ ಧ್ವನಿ ತಯಾರಿಸಬೇಕು. ಅಂದರೆ ಕಂಪ್ಯೂಟರು ಆ ಧ್ವನಿಯನ್ನು ಕಲಿತು, ಆಕೆ ಎಂದೂ ಹಾಡದ ಹೊಸ ಹಾಡನ್ನೂ ಆಕೆಯಂತೆಯೇ ಹಾಡುತ್ತದೆ. ವೇದಿಕೆಯಲ್ಲಿ ಪಾರ್ವತಕ್ಕ ಶಾಲು ಹೊದ್ದು ಕೂರುವುದು, ಸ್ಪೀಕರಿನಿಂದ ಹಾಡು ಬರುವುದು. ನಾನು ಒಪ್ಪಿದೆ. ಕ್ಯಾಸೆಟ್ಟಿನ ಸುಯ್ ಎನ್ನುವ ಗದ್ದಲ ತೆಗೆದೆ, ಹಿಂದಿದ್ದ ಹಾರ್ಮೋನಿಯಂ ಬೇರ್ಪಡಿಸಿದೆ. ಫಲಿತಾಂಶ ಅದ್ಭುತವಾಗಿತ್ತು, ಸುಳ್ಳು ಹೇಳುವುದಿಲ್ಲ. ಆಕೆಯ ಒಪ್ಪಿಗೆ ಬೇಕಲ್ಲ ಎಂದು ಸ್ಟುಡಿಯೋಗೆ ಕರೆಸಿದೆ. ಜೊತೆಗೆ ಸೀತಕ್ಕ ಬಂದರು. ಮದುವೆಮನೆಗಳಲ್ಲಿ ಪಾರ್ವತಕ್ಕನಿಗೆ ಯಾವಾಗಲೂ ಜೋಡಿಯಾಗಿ ಹಾಡುತ್ತಿದ್ದವರು.

ಪಾರ್ವತಕ್ಕ ಹಾಡು ಪೂರ್ತಿ ಕೇಳಿದರು. ಮುಖದಲ್ಲಿ ಏನೂ ಇಲ್ಲ. ಆಮೇಲೆ ಎದ್ದು ಹೋಗಿ ಗೋಡೆಯ ಮೇನ್ ಪ್ಲಗ್ಗನ್ನೇ ಕಿತ್ತರು. ಹಾಗೆ ಕಿತ್ತರೆ ಸ್ಪೀಕರ್ ಹಾಳಾಗುತ್ತದೆ. ನನಗೆ ಮೈ ಉರಿದುಹೋಯಿತು. ಸ್ಲೇಟಿನ ಮೇಲೆ ಬರೆದು ನನ್ನ ಮೂಗಿನ ಮುಂದೆ ಹಿಡಿದರು: "ಚೊಲೋ ಇದ್ದು. ಎನ್ನ ತಿಥಿಗೆ ಹಾಕಿ."

ಸೀತಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಎದುರಿಗೆ ಕೂತ ಮನುಷ್ಯರನ್ನು ಬಿಟ್ಟು ಕ್ಯಾಸೆಟ್ಟಿನ ಜೊತೆ ಇಷ್ಟು ದಿನ ಗುದ್ದಾಡಿದೆನಲ್ಲ ಎಂದು ಪಿಚ್ಚೆನ್ನಿಸಿತು. ಹಾಗಾದರೆ ನಿಮಗೆ ಏನು ಬೇಕು ಎಂದು ಕೇಳಿದೆ. ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲವಂತೆ. ಹಾಡಬೇಕು ಎಂದು ಬರೆದರು. ಅಷ್ಟೇ.

ಆಗ ಕಪಾಟಿನ ಮೇಲಿನ ಪೈಪು ನೆನಪಾಯಿತು. ಟಾಕ್‌ಬಾಕ್ಸಿಗೆ ಗಂಟಲೇ ಬೇಕಿಲ್ಲ, ನಾಲಿಗೆ, ತುಟಿ, ಹಲ್ಲು ಸಾಕು. ಅವು ಪಾರ್ವತಕ್ಕನಲ್ಲಿ ಭದ್ರವಾಗಿದ್ದವು. ಕಿತ್ತ ಪ್ಲಗ್ಗನ್ನು ಮತ್ತೆ ಸಿಕ್ಕಿಸಿ, ಪೈಪನ್ನು ಬಿಸಿನೀರಲ್ಲಿ ತೊಳೆದು ಕೊಟ್ಟು, ಬಾಯಿಗೆ ಹತ್ತಿರ ಮೈಕು ಇಟ್ಟು, ಸಿಂಥಿನ ಒಂದು ಕೀ ಒತ್ತಿದೆ. ಅವರು ಅನುಮಾನದಿಂದಲೇ ಬಾಯಿ ಆಡಿಸಿದರು. ಸ್ಪೀಕರಿನಿಂದ "ಈತೇ" ಎಂದು ಬಂತು. ಬಾಯಲ್ಲಿ ಗಾಳಿ ಹರಿಯದ ಕಾರಣ ಸಕಾರ ಹೊರಡಲಿಲ್ಲ. ಆದರೂ ತನ್ನ ಹೆಸರು ಕರೆದಿದ್ದು ಸೀತಕ್ಕನಿಗೆ ತಿಳಿಯಿತು, ಅಲ್ಲೇ ಕೂತು ಅತ್ತುಬಿಟ್ಟರು. ನಾನೂ ಕೇಬಲ್ ಹುಡುಕುವ ನೆಪದಲ್ಲಿ ಆಚೆ ತಿರುಗಿಕೊಂಡೆ.

ಆಮೇಲೆ ಶುರುವಾಯಿತು ನಿಜವಾದ ಕೆಲಸ. ಮೊದಲಿಗೆ ಸೈನ್ ವೇವ್, ಅಂದರೆ ಕೊಳಲಿನಂಥ ನುಣುಪು ಅಲೆ ಹಾಕಿದ್ದೆ. ಅದರಲ್ಲಿ ಆ, ಈ, ಊ ಎಲ್ಲ ಒಂದೇ ಥರ ಕೇಳುತ್ತಿತ್ತು. ಬಾಯಿ ಕೆತ್ತಿ ಅಕ್ಷರ ಮಾಡಲು ಸ್ವರದಲ್ಲಿ ಸಾಕಷ್ಟು ಸರಕು ಬೇಕು. ಹಾಗಾಗಿ ಗರಗಸದ ಹಲ್ಲಿನಂತೆ ಚೂಪಾದ ಸಾಟೂತ್ ವೇವ್ ಹಾಕಿ, ಫಿಲ್ಟರ್ ಎಂಬ ಜರಡಿಯಿಂದ ಅದರ ಕರ್ಕಶ ತೆಗೆದೆ. ಸ್ವರದಿಂದ ಸ್ವರಕ್ಕೆ ಜಾರಲು ಗ್ಲೈಡ್ ಕೊಟ್ಟೆ. ಜಾಸ್ತಿಯಾದರೆ ಕುಡಿದವರ ಹಾಡಿನಂತೆ, ಕಮ್ಮಿಯಾದರೆ ಮೆಟ್ಟಿಲು ಹತ್ತಿದಂತೆ. ಅವರು ತಲೆ ಅಲ್ಲಾಡಿಸುವುದು, ನಾನು ಗುಂಡಿ ತಿರುಗಿಸುವುದು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇಷ್ಟು ಹಟಮಾರಿ ಗಿರಾಕಿಯನ್ನು ನೋಡಿರಲಿಲ್ಲ.

ಸ್ವರ ಕೂಡಿದ ಮೇಲೆ ಸೀತಕ್ಕನನ್ನು ಜೊತೆಗೆ ಹಾಡಿಸಿದೆ. ಅವರು ಪ್ರತಿಸಲ ತಪ್ಪಿದರು. ಅವರ ಹಾಡಿನ ಪದ್ಧತಿ ಹೇಗೆಂದರೆ, ಒಬ್ಬರ ಉಸಿರು ತೀರುವ ಕಡೆ ಇನ್ನೊಬ್ಬರು ಸಾಲನ್ನು ಎತ್ತಿಕೊಳ್ಳುತ್ತಾರೆ. ತಾಳ ಎಣಿಸಿ ಅಲ್ಲ, ಉಸಿರು ಕೇಳಿ. ಸೀತಕ್ಕ ಕೊನೆಗೆ ರೇಗಿದರು.

"ಅದು ಉಸ್ರೇ ತಗತ್ತಿಲ್ಲೆ ತಮಾ. ಆನು ಎಲ್ಲಿ ಹಿಡ್ಕಳವು?"

ಮಾತು ಸತ್ಯ. ಕೀ ಒತ್ತಿದಷ್ಟು ಹೊತ್ತೂ ಸಿಂಥು ಒಂದೇ ಸಮ ಕೂಗುತ್ತದೆ, ಅದಕ್ಕೆ ಸುಸ್ತೆಂಬುದಿಲ್ಲ. ಪಾರ್ವತಕ್ಕನ ಕುತ್ತಿಗೆಯ ಉಸಿರಿಗೆ ಏನಾದರೂ ಕಟ್ಟೋಣವೆಂದರೆ ಅಲ್ಲಿ ಯಂತ್ರ ಮುಟ್ಟಿಸುವುದು ಅಪಾಯ. ಕೊನೆಗೆ ಪಾರ್ವತಕ್ಕನೇ ತಮ್ಮ ಹಾರ್ಮೋನಿಯಂ ತರಿಸಿದರು. ಎಡಗೈಯಿಂದ ಅದರ ತಿದಿಯನ್ನು, ಎಂದರೆ ಗಾಳಿ ಒತ್ತುವ ಹಿಂಬದಿಯನ್ನು, ಮೆಲ್ಲಗೆ ಒತ್ತಿ ನನ್ನತ್ತ ನೋಡಿದರು. ಮದುವೆಯಾದಾಗಿನಿಂದ ಆ ಕೈ ಅವರ ಗಂಟಲಿನ ಜೊತೆಗೇ ಉಸಿರಾಡಿತ್ತು. ಗಂಟಲು ಹೋಗಿತ್ತು, ಕೈ ಮರೆತಿರಲಿಲ್ಲ.

ಬಿಪಿ ನೋಡುವ ಯಂತ್ರದಲ್ಲಿರುವಂಥ ಒತ್ತಡದ ಸೆನ್ಸರ್ ಒಂದನ್ನು ತಂದು ಹಾರ್ಮೋನಿಯಂ ಒಳಗೆ ಕೂರಿಸಿದೆ. ಅದರ ಸ್ವರ ಹೊರಡಿಸುವ ಹಿತ್ತಾಳೆ ನಾಲಗೆಗಳ ದಾರಿ ಮುಚ್ಚಿ, ಗಾಳಿ ಹೋಗಲು ಸಣ್ಣ ತೂತು ಬಿಟ್ಟೆ. ಸೆನ್ಸರ್ ಅಳೆದ ಒತ್ತಡ ಸಿಂಥಿನ ಧ್ವನಿಯ ಏರಿಳಿತವಾಯಿತು. ಎಡಗೈ ತಿದಿಯ ಮೇಲೆ, ಬಲಗೈ ಹಾರ್ಮೋನಿಯಂ ಮೇಲಿಟ್ಟ ಪುಟ್ಟ ಕೀಬೋರ್ಡಿನ ಮೇಲೆ, ಬಾಯಲ್ಲಿ ಪೈಪು. ತಿದಿ ಬರಿದಾದಾಗ ಹಾಡು ತಾನಾಗಿ ಸೊರಗಿತು, ಸೀತಕ್ಕ ಸರಿಯಾಗಿ ಅಲ್ಲೇ ಎತ್ತಿಕೊಂಡರು. ನಾನು ಕುರ್ಚಿಯಿಂದ ಎದ್ದು ನಿಂತೆ. ಹೆಮ್ಮೆಯಾಯಿತು, ಯಾಕೆ ಮುಚ್ಚಿಡಬೇಕು?

ಅಧ್ಯಕ್ಷರಿಗೆ ಇದು ಹಿಡಿಸಲಿಲ್ಲ. ಸ್ಟುಡಿಯೋಗೆ ಬಂದು ಕೇಳಿ, ಬಾಯಲ್ಲಿ ಪೈಪು ಇಟ್ಟುಕೊಂಡು ವೇದಿಕೆಗೆ ಬಂದರೆ ಜನ ನಗುತ್ತಾರೆ, ಸಂಪ್ರದಾಯದ ಹಾಡಿಗೆ ಮೆಷಿನ್ ಸಲ್ಲದು ಎಂದರು. ಎಐ ಮೆಷಿನ್ ಅಲ್ಲವೇ ಎಂದು ನಾನು ಕೇಳಿದ್ದಕ್ಕೆ, ಅದು ಕಾಣುವುದಿಲ್ಲವಲ್ಲ ಎಂದರು. ಪಾರ್ವತಕ್ಕ ಸ್ಲೇಟು ಎತ್ತಿ, ಹಾರ್ಮೋನಿಯಮ್ಮಿಗೂ ಹಿಂದೆ ಹೀಗೇ ಹೇಳಿದ್ದರು ಎಂದು ಬರೆದು ತೋರಿಸಿದರು. ಹಸೆ ಹಾಡಿಗೆ ಪೆಟ್ಟಿಗೆ ಯಾಕೆ ಎಂದು ಹಿರಿಯರು ತಕರಾರು ಎತ್ತಿದ್ದ ಮದುವೆಮನೆಗಳಲ್ಲೇ ಆಕೆ ಅದನ್ನು ನುಡಿಸಿದವರು. ಅಧ್ಯಕ್ಷರು ಒಪ್ಪಿದರು, ಒಂದು ಷರತ್ತಿನ ಮೇಲೆ: ಎಐ ಹಾಡು ಲ್ಯಾಪ್‌ಟಾಪಿನಲ್ಲಿ ಸಿದ್ಧವಿರಬೇಕು. ಆಕೆ ಎಡವಿದರೆ ನಾನು ಅದನ್ನು ಹಾಕಬೇಕು.

ಯಲ್ಲಾಪುರದ ಸಭಾಭವನ ತುಂಬಿತ್ತು, ಹೆಚ್ಚಿನವರು ಹೆಂಗಸರು. ಮೊದಲ ನುಡಿ ಚೆನ್ನಾಗಿ ಹೋಯಿತು. ಎರಡನೆಯದರಲ್ಲಿ ಪೈಪಿಗೆ ಜೊಲ್ಲು ಇಳಿದು, ಹಾಡು ಗೊಳಗೊಳ ಎಂದಿತು. ಟಾಕ್‌ಬಾಕ್ಸಿನ ಹಳೇ ರೋಗ ಅದು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪಕ್ಕದ ಪರದೆಯ ಹತ್ತಿರ ಅಧ್ಯಕ್ಷರು ಕೈ ಬೀಸಿ ಹಾಕು, ಹಾಕು ಎಂದು ಸನ್ನೆ ಮಾಡಿದರು. ನಾನು ಪಾರ್ವತಕ್ಕನ ಮುಖ ನೋಡಿದೆ. ಅವರು ನನ್ನತ್ತ ನೋಡಿ ತಲೆ ಅಡ್ಡ ಆಡಿಸಿದರು. ಲ್ಯಾಪ್‌ಟಾಪ್ ಮುಚ್ಚಿ ಕಾಲಬುಡಕ್ಕೆ ಇಟ್ಟುಬಿಟ್ಟೆ. ಮುಂದೆ ಈ ಸಂಘದವರು ನನ್ನನ್ನು ಕರೆಯುವುದಿಲ್ಲ ಎಂದು ಗೊತ್ತಿತ್ತು, ಹೋಗಲಿ ಅನ್ನಿಸಿತು.

ಸೀತಕ್ಕ ಹೆದರಲಿಲ್ಲ. ಅದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತ ಹಿಡಿದುಕೊಂಡರು. ಪಾರ್ವತಕ್ಕ ಅವಸರವಿಲ್ಲದೆ ಪೈಪು ತೆಗೆದು, ಎಲ್ಲರೆದುರಿಗೇ ಎರಡು ಸಲ ಝಾಡಿಸಿ, ಸೆರಗಿನಲ್ಲಿ ಒರೆಸಿ, ಮತ್ತೆ ಬಾಯಿಗಿಟ್ಟರು. ತಿದಿ ಎದ್ದಿತು, ಹಾಡು ಮುಂದುವರಿಯಿತು. ಮೂರನೆಯ ನುಡಿಗೆ ಸಭೆಯ ಹೆಂಗಸರೇ ಸೊಲ್ಲು ಸೇರಿಸಿದರು. ನಕ್ಕವರು ಹಾಡಿದರೋ ಇಲ್ಲವೋ ನಾನು ನೋಡಲಿಲ್ಲ, ನನಗೆ ಅವರ ಉಸಾಬರಿ ಬೇಡವಾಗಿತ್ತು.

ನುಡಿ ಮುಗಿದು ಒಂದು ಕ್ಷಣ ಬಿಡುವು ಸಿಕ್ಕಿದ್ದೇ ತಡ, ಅಧ್ಯಕ್ಷರು ಶಾಲು ಹಿಡಿದು ವೇದಿಕೆಗೆ ಬಂದೇಬಿಟ್ಟರು. ಧ್ವನಿ ಕಳೆದುಕೊಂಡರೂ ಛಲ ಬಿಡದ ತಾಯಿ ಎಂದು ಮೈಕಿನಲ್ಲಿ ಶುರು ಮಾಡಿದರು. ಪಾರ್ವತಕ್ಕ ಪೈಪು ತೆಗೆದಿರಲೇ ಇಲ್ಲ. ತಿದಿ ಒತ್ತಿ, ಸ್ಪಷ್ಟವಾಗಿ, ಇಡೀ ಭವನಕ್ಕೆ ಕೇಳುವಂತೆ ಹೇಳಿದರು.

"ಆನು ಎಂತದೂ ಕಳಕಂಡಿದ್ನಿಲ್ಲೆ. ಹಾಡು ಇನ್ನೂ ಮುಗದ್ದಿಲ್ಲೆ, ಕೂತ್ಗಳಿ."

ಅಧ್ಯಕ್ಷರು ಶಾಲಿನ ಸಮೇತ ಕೂತರು. ಉಳಿದ ನುಡಿಗಳೆಲ್ಲ ಆದವು.

ಈಗಲೂ ಆಗೀಗ ಫೋನು ಬರುತ್ತದೆ, ಹಳೆಯ ಹಾಡುಗಾರರ ಧ್ವನಿ ಮಾಡಿಕೊಡಿ ಎಂದು. ಅವರು ಬದುಕಿದ್ದಾರೆಯೇ ಎಂದು ನಾನು ಮೊದಲು ಕೇಳುತ್ತೇನೆ. ಬದುಕಿದ್ದರೆ ಇಲ್ಲಿಗೆ ಕರೆದುಕೊಂಡು ಬನ್ನಿ, ಅವರಿಗೆ ಏನು ಬೇಕೋ ಅವರನ್ನೇ ಕೇಳೋಣ, ಅದಕ್ಕೆ ಬೇಕಾದ ಸಲಕರಣೆ ಕಟ್ಟುವುದು ನನ್ನ ಜವಾಬ್ದಾರಿ ಎನ್ನುತ್ತೇನೆ. ಎದುರಿಗೆ ಕೂತ ಮನುಷ್ಯರ ಬದಲಿಗೆ ಹಾಡುವ ಸದ್ದು ಮಾಡುವುದು ನನ್ನ ಕೆಲಸವಲ್ಲ. ಇದು ಈ ವೃತ್ತಿ ನನಗೆ ಕಲಿಸಿದ್ದು, ಕಲಿಸಿದ ರೀತಿ ಸ್ವಲ್ಪ ಒರಟು. ಇಷ್ಟು ಹೇಳಿದ ಮೇಲೆ ಕೆಲವರು ಮತ್ತೆ ಫೋನ್ ಮಾಡುವುದಿಲ್ಲ. ಮಾಡದಿದ್ದರೆ ಬೇಡ.